ಮೂಲೆ ಪ್ಲಾಟಿನಲ್ಲಿ ಕೇಳಿದ ಕೂಗು

ದೆವ್ವ, ಪಿಶಾಚಿ, ಅಶರೀರವಾಣಿ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಕ್ಯಾಂಟೀನಿನಲ್ಲಿ ಯಾರಾದರೂ “ನಮ್ಮ ಕಾಕಾ ಕಣ್ಣಾರೆ ಕಂಡಾನ” ಎಂದು ಶುರು ಮಾಡಿದರೆ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಈಗ ನಾನೇ ಅಂಥದ್ದೊಂದು ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಆಗ ನಾನು ವಾಡಿ ಹತ್ತಿರದ ಸುಣ್ಣದಕಲ್ಲಿನ ಗಣಿಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಪಾಳಿ ಮುಗಿಯುವಷ್ಟರಲ್ಲಿ ಹುಬ್ಬಿನ ಮೇಲೂ ಧೂಳು ಕೂತಿರುತ್ತಿತ್ತು. ಅಷ್ಟು ಸಾಲದೆಂದು ಪ್ಲಾಟು ಮಾರುವ ಏಜೆಂಟನೂ ಆದೆ. ನಿದ್ದೆಗೆಟ್ಟ ಕಣ್ಣು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದ ತುಂಬ ಸುಳ್ಳುನಗೆ. ನಮ್ಮ ಲೇಔಟಿನ ಮಾಲೀಕ ನನಗಿಂತ ಘನಂದಾರಿ. ರಾವೂರದ ಕಡೆ ಜಾಲಿ ಬೆಳೆದ ಬಯಲಿಗೆ ಸುಣ್ಣದ ಗೆರೆ ಎಳೆಸಿ, ರಸ್ತೆಗೊಂದು ಸಿಮೆಂಟಿನ ಕಮಾನು ನಿಲ್ಲಿಸಿ, ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದ. ಆ ಹೆಸರಿನಲ್ಲಿ ಉದ್ಯಾನವೂ ಇತ್ತು, ಸರೋವರವೂ ಇತ್ತು. ನೋಡಲು ಬಂದವರೋ, ನೆಲ ನೋಡುವುದು ಬಿಟ್ಟು ಕಮಾನಿನ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು.

ನನಗೆ ಸಿಕ್ಕ ಮೊದಲ ಖರೇ ಗಿರಾಕಿ ನಮ್ಮ ಗಣಿಯ ಖಾಜಾಭಾಯಿ. ಬ್ಲಾಸ್ಟಿಂಗಿಗೆ ಮುಂಚೆ ಕೆಂಪು ಬಾವುಟ ಹಿಡಿದು “ಹುಷಾ...ರ್!” ಎಂದು ಕೂಗುವುದು ಅವರ ಕೆಲಸ. ಸೈರನ್ ಬಂದ ಮೇಲೂ ಜನ ಅದಕ್ಕೆ ಓಡುತ್ತಿರಲಿಲ್ಲ, ಖಾಜಾಭಾಯಿ ಕೂಗಿದರೆ ಓಡುತ್ತಿದ್ದರು. ಕೊನೆಗೆ ಒಡೆದು ಎಳೆಯುವ ಆ ದನಿಯನ್ನು ನಮ್ಮಲ್ಲಿ ಯಾರು ಬೇಕಾದರೂ ಗುರುತು ಹಿಡಿಯುತ್ತಿದ್ದರು. ನಿವೃತ್ತಿ ಹತ್ತಿರ ಬಂದಿತ್ತು, ಕ್ವಾರ್ಟರ್ಸ್ ಬಿಡಬೇಕಿತ್ತು. ಸ್ವಂತದ್ದೊಂದು ಮನೆ ಕಟ್ಟಬೇಕೆಂಬುದು ಅವರದು, ಅವರಿಗಿಂತ ಹೆಚ್ಚಾಗಿ ಹೆಂಡತಿ ರಜಿಯಾ ಅವರದು, ಒಂದೇ ಆಸೆ.

ಅದೊಂದು ಭಾನುವಾರ ಮಧ್ಯಾಹ್ನ. ಮೂಲೆಯ ಪ್ಲಾಟು ಇಬ್ಬರಿಗೂ ಹಿಡಿಸಿತು. ರಜಿಯಾ ಸುಣ್ಣದ ಗೆರೆಯೊಳಗೆ ನಿಂತು ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಎಂದು ಕೈ ಮಾಡಿ ತೋರಿಸುತ್ತಿದ್ದರು. ಗಿರಾಕಿಯ ಕೈಯಿಂದಲೇ ಮೂಲೆಗೊಂದು ಶಹಾಬಾದ್ ಕಲ್ಲು ನಿಲ್ಲಿಸಿಬಿಡುವುದು ನಮ್ಮಂಥ ಏಜೆಂಟರ ಹಂಚಿಕೆ. ಕಲ್ಲು ನಿಂತ ಮೇಲೆ ಹಿಂದೆ ಸರಿಯಲು ಮನಸ್ಸು ಬರುವುದಿಲ್ಲ. ಖಾಜಾಭಾಯಿ ಬಿಸ್ಮಿಲ್ಲಾ ಅಂದು ಕಲ್ಲೆತ್ತಿದರು. ನಾನು ಎದುರಿಗೇ ನಿಂತಿದ್ದೆ.

“ಹುಷಾ...ರ್!”

ಕಲ್ಲು ಅಲ್ಲೇ ಬಿಟ್ಟು ಖಾಜಾಭಾಯಿ, ನಾನು ಇಬ್ಬರೂ ಓಡಿದೆವು. ಆ ಕೂಗು ಕೇಳಿದರೆ ಗಣಿಯವರ ಕಾಲು ಅಪ್ಪಣೆಗೆ ಕಾಯುವುದಿಲ್ಲ. ಕಮಾನಿನ ಕಂಬದ ಹಿಂದೆ ತಲೆಯ ಮೇಲೆ ಕೈಯಿಟ್ಟು ಮುದುಡಿ ಕೂತೆವು. ಏನೂ ಸಿಡಿಯಲಿಲ್ಲ. ರಜಿಯಾ ತಮ್ಮ ಅಡುಗೆಮನೆಯಲ್ಲೇ ನಿಂತು ನಗುತ್ತಿದ್ದರು.

“ಏನಾತ್ರಿ? ಹಾವು ಗೀವು ಬಂತೇನು?”

ಅವರಿಗೆ ಯಾವ ಕೂಗೂ ಕೇಳಿರಲಿಲ್ಲ. ಗಣಿಗೆ ಅಂದು ರಜೆ. ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಒಂದು ಕುರಿಯೂ ಇರಲಿಲ್ಲ. ಖಾಜಾಭಾಯಿ ನನ್ನ ತೋಳು ಹಿಡಿದರು.

“ಸಾಹೇಬ್ರ, ಯಾರ ದನಿರಿ ಅದು?”

ಕೂಗು ಬಂದಾಗ ನಾನು ನೋಡುತ್ತಿದ್ದದ್ದು ಅವರ ಮುಖವನ್ನೇ. ಬಾಯಿ ಮುಚ್ಚಿತ್ತು. ಆದರೆ ಕೊನೆಗೆ ಒಡೆದು ಎಳೆದ ಆ ದನಿ ಅವರದೇ.

ಅವರು ಪ್ಲಾಟು ಕೊಳ್ಳಲಿಲ್ಲ. ಪುಕ್ಕಲ ಎಂದು ಮನಸ್ಸಿನಲ್ಲೇ ಬೈದೆ. ಅವರಿಗಿಂತ ಮುಂಚೆ ಓಡಿದ್ದವನು ನಾನೇ ಎಂಬುದನ್ನು ಮರೆತು. ಆ ನೆಲ ಕುಸಿಯಿತು ಎಂದು ನೀವು ಕಾಯುತ್ತಿರಬಹುದು. ಇಲ್ಲ. ಬೇರೊಬ್ಬ ಏಜೆಂಟ ಅದನ್ನು ಮಾಸ್ತರರೊಬ್ಬರಿಗೆ ಮಾರಿದ. ಮನೆ ಎದ್ದಿದೆ, ಗೋಡೆಯಲ್ಲೊಂದು ಬಿರುಕಿಲ್ಲ. ದಾಟಿ ಹೋಗುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಿದ್ದಿದ್ದರೆ ಕಾರಣವಾದರೂ ಸಿಗುತ್ತಿತ್ತು.

ಏಜೆಂಟಗಿರಿ ಬಿಟ್ಟೆ. ಖಾಜಾಭಾಯಿ ಈಗ ಶಹಾಬಾದಿನಲ್ಲಿ ಬಾಡಿಗೆಗಿದ್ದಾರೆ. ಕೂಡಿಟ್ಟದ್ದೆಲ್ಲ ಔಷಧಿ, ಬಾಡಿಗೆ ಎಂದು ಕರಗಿ, ಮನೆಯ ಮಾತು ಅಲ್ಲಿಗೇ ನಿಂತಿತು. ಈಚೆಗೆ ಹೋದಾಗ ಸುಮ್ಮನಿರಲಾರದೆ ಚುಚ್ಚಿದೆ.

“ಆ ಮನಿ ಭಾಳ ಗಟ್ಟಿ ಐತ್ರಿ. ಸುಮ್ಮಸುಮ್ಮನ ಬಿಟ್ರಿ ನೀವು.”

ಅವರು ನಕ್ಕರು. “ಇಷ್ಟು ವರ್ಷ ನಾ ಒದರಿದಾಗ ಒಬ್ಬರಾದ್ರೂ ಯಾಕಂತ ಕೇಳ್ಯಾರೇನ್ರಿ? ಓಡ್ಯಾರ. ನಾನೂ ಓಡೀನಿ.”

ಒಳಗೆ ಒಬ್ಬರು ತಿರುಗಾಡಲೂ ಜಾಗವಿಲ್ಲದ ಅಡುಗೆಕೋಣೆಯಲ್ಲಿ ರಜಿಯಾ ಚಹಾ ಸೋಸುತ್ತಿದ್ದರು. ತಿರುಗಿ ನೋಡದೆಯೇ ಅಂದರು:

“ನನಗಂತೂ ಅವತ್ತು ಏನೂ ಕೇಳಿದ್ದಿಲ್ರಿ.”