ಮಲಗುವ ಕೋಣೆಯ ಪೈಪು

ಮದುವೆಯಾಗಿ ಕಲಬುರಗಿ ಕಡೆಯಿಂದ ಡೊಂಬಿವಲಿಗೆ ಬಂದಾಗ ನಮ್ಮ ಮನೆಯೆಂದರೆ ಚಾಳಿನ ಒಂದೇ ಖೋಲಿ. ಅತ್ತೆ, ಮಾವ, ನಾದಿನಿ, ನಾವಿಬ್ಬರು. ಗಂಡನ ಹತ್ತಿರ ಒಂದು ಮಾತಾಡಬೇಕೆಂದರೆ ಉಳಿದ ಮೂವರಿಗೂ ಕೇಳಿಸಿಯೇ ಆಡಬೇಕು. ನಮ್ಮನೆಯವರು ವೈರಿಂಗ್ ಕೆಲಸದವರು. ಗೋಡೆಯೊಳಗಿನ ಪೈಪಿನಲ್ಲಿ ತಂತಿ ಎಳೆಯಲು ಆ ಕಡೆ ಒಬ್ಬರು, ಈ ಕಡೆ ಒಬ್ಬರು ಬೇಕು. ಕಲ್ಯಾಣದ ಒಂದು ಹೊಸ ಕಟ್ಟಡದಲ್ಲಿ ಜೊತೆಗಾರ ಕೈಕೊಟ್ಟ ದಿನ ನಾನೇ ಹೋದೆ. ಆಮೇಲೆ ಬೇರೆ ಜೊತೆಗಾರನನ್ನು ಹುಡುಕುವ ಗೋಜಿಗೆ ಇವರು ಹೋಗಲಿಲ್ಲ.

ಪೈಪಿನಲ್ಲಿ ಸಿಮೆಂಟ್ ಕಟ್ಟಿಕೊಂಡಿದೆಯೇ ಎಂದು ನೋಡಲು ಇವರದೊಂದು ಪದ್ಧತಿಯಿತ್ತು. ತಂತಿ ಹಾಕುವ ಮೊದಲು ಪೈಪಿಗೆ ಬಾಯಿಟ್ಟು ಮಾತಾಡುವುದು. ಬೋರ್ಡಿನ ಹತ್ತಿರ ಇವರು, ಒಳಕೋಣೆಯಲ್ಲಿ ಗೋಡೆಗೆ ಕಿವಿಯಿಟ್ಟು ನಾನು. "ಕೇಳಸ್ತದೇನು?" ಎಂದು ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಲಿಕ್ಕಷ್ಟೇ ಬಾಯಿ ತೆರೆಯುವ ಮನುಷ್ಯ, ಪೈಪಿನಲ್ಲಿ "ನಿನ್ನೆ ಉಟ್ಟಿದ್ದ ಹಸಿರು ಸೀರಿ ಛಂದಿತ್ತು" ಎನ್ನುತ್ತಿದ್ದರು. ಮುಖಕ್ಕೆ ಮುಖ ಕೊಟ್ಟು ಹೇಳಲು ಏನು ಧಾಡಿಯೋ. ತಂತಿ ತುಂಬಿದ ಮೇಲೆ ದನಿ ಮಂಕಾಗುತ್ತಿತ್ತು. ಅದಕ್ಕೇ ನಾನು, ತಂತಿ ಎಳೆಯುವ ಸ್ಪ್ರಿಂಗ್ ಇನ್ನೂ ಕೈಗೆ ಸಿಕ್ಕಿಲ್ಲವೆಂದು ಸುಳ್ಳು ಹೇಳಿ ತಡ ಮಾಡುತ್ತಿದ್ದೆ.

ಕೆಲಸದ ಪಾಠವೂ ಅಲ್ಲೇ ಆಯಿತು. ಇಂಥ ತಂತಿ ಇಷ್ಟು ಆಂಪಿಯರ್ ತಡೆಯುತ್ತದೆ ಎಂದು ಒಂದು ಲೆಕ್ಕವಿರುತ್ತದೆ. ಅದನ್ನೇ ನಂಬಿ ಒಂದೇ ಪೈಪಿನಲ್ಲಿ ಲೈಟು, ಪ್ಲಗ್ಗು, ಏಸಿ ಎಲ್ಲದರ ತಂತಿ ತುರುಕುವವರನ್ನು ಕಂಡರೆ ಇವರಿಗೆ ಆಗುತ್ತಿರಲಿಲ್ಲ.

"ಆ ಲೆಕ್ಕ ಒಂದು ಜೋಡಿಗಷ್ಟ. ನಾಲ್ಕಾರು ಒಂದ ಕಡಿ ಕುಂತ್ರ ಒಂದರ ಸೆಕಿ ಇನ್ನೊಂದಕ್ಕ ಬಡೀತದ, ಹೊರಗ ಹೋಗಲಾಕ ದಾರಿ ಇರಂಗಿಲ್ಲ. ಆವಾಗ ಪ್ರತಿಯೊಂದೂ ಹೊರೂದು ಕಡಿಮಿ ಅಂತ ಹಿಡೀಬೇಕು. ಇಲ್ಲಾ ದಪ್ಪಂದು ತರಬೇಕು."

ನಾನು ಕರೆಂಟ್ ಹೋಗುವ ತಂತಿಗಳನ್ನಷ್ಟೇ ಎಣಿಸುತ್ತಿದ್ದೆ. ಇವರು ನಕ್ಕರು.

"ಹೋದ ಕರೆಂಟ್ ತಿರುಗಿ ಬರಬೇಕಲ್ಲ? ಬರೂ ತಂತೀನೂ ಅಷ್ಟ ಬಿಸಿ ಆಗ್ತದ. ಅದನ್ನೂ ಎಣಸು. ಅರ್ಥಿಂಗಿಂದು ಬಿಡು. ಕರೆಂಟ್ ಹರಿಯದ್ದನ್ನ ಎಣಸಬ್ಯಾಡ."

ಆಮೇಲೆ ಟಿಟ್ವಾಳಾದಲ್ಲಿ ಒಂದು ಫ್ಲಾಟ್ ಬುಕ್ ಮಾಡಿ, ಅದಕ್ಕಾಗಿಯೇ ಇವರು ಮಸ್ಕತ್ತಿಗೆ ಹೋದರು. ಅಲ್ಲೂ ಇದೇ ಕೆಲಸ. ಕರಾರು ಮುಗಿದು ಈ ದೀಪಾವಳಿಗೆ ವಾಪಸ್ ಬರುವ ಮಾತಾಗಿತ್ತು. ಮಲಗುವ ಕೋಣೆಗೆ ಏಸಿ ಹಾಕಿಸೋಣ, ಬಂದ ಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳುವುದೇ ಇಲ್ಲ ಎಂದು ಇವರು ಫೋನಿನಲ್ಲಿ ಹೇಳುತ್ತಲೇ ಇದ್ದರು. ಏಸಿಯ ಮಾತು ಬಂದಾಗಲೆಲ್ಲ ಇವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವ ಹಾಗೆ ನನಗೆ ಅನ್ನಿಸುತ್ತಿತ್ತು.

ವೈರಿಂಗ್ ನಾವೇ ಮಾಡಿಕೊಳ್ಳುತ್ತೇವೆ, ಗೋಡೆಯಲ್ಲಿ ಪೈಪಷ್ಟೇ ಕೂರಿಸು ಎಂದು ಬಿಲ್ಡರನಿಗೆ ಮೊದಲೇ ಹೇಳಿದ್ದೆವು. ಬೀಗದ ಕೈ ಸಿಕ್ಕ ಮೇಲೆ ನಾನೂ ನಾದಿನಿಯೂ ಹೋದೆವು. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ನೋಡಿದರೆ ಮಲಗುವ ಕೋಣೆಗೆ ಎರಡು ಪೈಪು ಹೇಳಿದ್ದ ಕಡೆ ಒಂದೇ ಇದೆ. ಅಗಲದ್ದೇನೋ ಹೌದು. ಜಾಗ ಸಾಕಾದರೂ ಸೆಕೆ ಸೆಕೆಯೇ. ಇವರಿಗೆ ವಿಡಿಯೋ ಕಾಲ್ ಮಾಡಿದೆ.

"ಒಂದ ಪೈಪ್ ಅದರಿ. ಲೈಟು, ಪ್ಲಗ್ಗು, ಏಸಿ, ಮೂರೂ ಇದರಾಗ ಹೋಗಬೇಕು. ಆರು ತಂತಿ. ಪ್ಲಗ್ಗಿಂದು, ಏಸಿದು ಒಂದು ಅಳತಿ ದಪ್ಪ ತರಲೇನು?"

ಇವರು ಕಣ್ಣು ಪಕ್ಕಕ್ಕೆ ತಿರುಗಿಸಿದರು.

"ಏಸಿದು ಸದ್ಯ ಬ್ಯಾಡ ಬಿಡು. ಉಳಿದದ್ದು ಎಳಿ. ನಾಲ್ಕ ಆಗ್ತಾವ, ಹೊರೂದು ಕಡಿಮಿ ಹಿಡದ್ರೂ ನಡೀತದ, ದಪ್ಪಂದು ಬೇಕಾಗಂಗಿಲ್ಲ. ನಿನಗೊಬ್ಬಾಕಿಗಿ ಫ್ಯಾನ್ ಸಾಕಾಗ್ತದ."

ಕೂಡಲೇ ತಿಳಿಯಿತು. "ದೀಪಾವಳಿಗಿ ಬರಂಗಿಲ್ಲೇನ್ರಿ?" ಎಂದೆ. ಇವರ ಕರಾರು ಇನ್ನೂ ಎರಡು ವರ್ಷ ಮುಂದುವರಿದಿದೆಯಂತೆ. "ಹೇಳಲಾಕ ಬಾಯೇ ಬರಲಿಲ್ಲ" ಎಂದರು. ಮುಖ ಎದುರಿಗಿದ್ದರೆ ಇವರಿಗೆ ಮೊದಲಿನಿಂದಲೂ ಬಾಯಿ ಬರುವುದಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಇವರು ಬೇಕು ಅನ್ನಿಸಿತು, ಈಗಲೇ, ಈ ಖಾಲಿ ಕೋಣೆಯಲ್ಲೇ. ಅತ್ತೆ ಮಾವ ಯಾರೂ ಇಲ್ಲದ ನಾಲ್ಕು ಗೋಡೆ ಕೊನೆಗೂ ಸಿಕ್ಕಿತ್ತು, ಮಾತಾಡುವವರೇ ಇರಲಿಲ್ಲ.

ಅಂಗಡಿಗೆ ಹೋಗಿ ಆರು ತಂತಿಯ ಲೆಕ್ಕ ಹಿಡಿದು ದಪ್ಪದ್ದೇ ತಂದೆ. ನಾದಿನಿಯನ್ನು ಒಳಗೆ ಕಳಿಸಿ, ನಾನು ಬೋರ್ಡಿನ ಹತ್ತಿರ ಇವರ ಜಾಗದಲ್ಲಿ ನಿಂತು, ಪೈಪಿಗೆ ಬಾಯಿಟ್ಟು "ಕೇಳಸ್ತದೇನು?" ಎಂದೆ.

"ಹಾಂ ವೈನಿ, ಡಾಲೋ ನಾ" ಎಂದು, ಬೇಗ ಹಾಕಬಾರದೇ ಎನ್ನುವ ನಾದಿನಿಯ ದನಿ ಬಂತು. ಸ್ಪ್ರಿಂಗ್ ಕೈಯಲ್ಲೇ ಇತ್ತು. ಆದರೂ ಸ್ವಲ್ಪ ತಡ ಮಾಡಿದೆ.

ಎಲ್ಲವನ್ನೂ ಒಟ್ಟಿಗೇ ಎಳೆದೆವು. ಏಸಿಯ ಜೋಡಿಯನ್ನು ಯಾವುದಕ್ಕೂ ಜೋಡಿಸದೆ, ಎರಡೂ ತುದಿಗಳಿಗೆ ಟೇಪು ಸುತ್ತಿ ಮಡಿಸಿಟ್ಟೆ. ಗೋಡೆಯ ಡಬ್ಬಿಯ ಮೇಲೆ ಖಾಲಿ ಪ್ಲೇಟು ಕೂರಿಸುವಾಗ ನಾದಿನಿ ತಕರಾರು ತೆಗೆದಳು.

"ಇಸ್ ಮೇ ಕರೆಂಟ್ ಹೀ ನಹೀಂ, ಫಿರ್ ಗಿನಾ ಕ್ಯೂಂ?"

ಕರೆಂಟ್ ಹರಿಯದ್ದನ್ನು ಎಣಿಸಬಾರದು, ಅವಳ ಅಣ್ಣ ಹೇಳಿದ್ದೂ ಅದನ್ನೇ. ನಾನು ಸ್ಕ್ರೂ ಬಿಗಿಮಾಡಿದೆ.

"ಬರ್ತಾರಲ್ಲ ನಿಮ್ಮಣ್ಣ" ಎಂದೆ. "ಆವಾಗ ಹರೀತದ."