ಮನಸ್ಸುಂಟಾ ಎಂದು ಕೇಳಿದವರು

ಮಾತಾಡುವವರ ಮುಖವನ್ನು ಅವರು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು. ತೆಳ್ಳಗಿನ ರೆಪ್ಪೆಯ ಕೆಳಗೆ ಗುಡ್ಡೆಗಳು ಮಾತ್ರ ಅತ್ತಿತ್ತ ಸರಿಯುತ್ತಿದ್ದವು. ತೊಂಬತ್ತರ ದಶಕದಲ್ಲಿ, ಬರ್ ದುಬೈಯ ನಮ್ಮ ಕಟ್ಟಡದ ಎದುರು ಫ್ಲ್ಯಾಟಿನಲ್ಲಿ ಮಗನ ಜತೆಗಿದ್ದ ಉಡುಪಿ ಕಡೆಯ ಹಿರಿಯರು. ನಾನು ಅಜ್ಜ ಎನ್ನುತ್ತಿದ್ದೆ.

ಬ್ರಿಟಿಷರ ಕಾಲದಲ್ಲಿ ಅಜ್ಜ ಬೊಂಬಾಯಿಯಲ್ಲಿದ್ದರು. ಕೊಲ್ಲಿಯ ಸರ್ಕಾರಿ ಕಚೇರಿಗಳಿಗೆ ಗುಮಾಸ್ತರನ್ನು ಆರಿಸುವ ಸಾಹೇಬನ ಪಕ್ಕ ಕೂರುವುದು ಅವರ ಕೆಲಸ. ಊರಿನಿಂದ ಬಂದ ಹುಡುಗರಿಗೆ ಇಂಗ್ಲಿಷ್ ಬರೆಯಲು ಬರುತ್ತಿತ್ತು, ಸಾಹೇಬನೆದುರು ಬಾಯಿಗೆ ಬರುತ್ತಿರಲಿಲ್ಲ. ಅಜ್ಜ ಅವರ ಮಾತನ್ನು ತರ್ಜುಮೆ ಮಾಡಿ ಹೇಳಬೇಕಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಪಾಯಸ ಕೊಡಲು ಹೋದೆ. ಪರದೆ ಎಳೆದಿತ್ತು. ಅಜ್ಜ ಖಾಲಿ ಕುರ್ಚಿಯತ್ತ ಬಾಗಿ ತುಳುವಿನಲ್ಲಿ ಏನೋ ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು. ಕೂರಲು ಆ ಕುರ್ಚಿ ಎಳೆದೆ.

"ಅಲ್ಲಿ ಬೇಡ ಮಗಾ. ಜನ ಉಂಟು."

ಎಸಿ ಕೊರೆಯುತ್ತಿತ್ತು. ಆದರೂ ಕುರ್ಚಿಯ ರೆಕ್ಸಿನ್, ಬೆವರಿದ ಬೆನ್ನು ಆಗಷ್ಟೇ ಒರಗಿದ್ದಂತೆ ಒದ್ದೆಯಾಗಿತ್ತು.

"ಯಾರಜ್ಜ?"

"ಒಬ್ಬ ಹುಡುಗ. ಚಂದದ ಅಕ್ಷರ. ಹೋಗ್ತಾನಾ ಕೇಳು ಅಂದ ಸಾಹೇಬ. 'ಅಪ್ಪ ಕಳಿಸಿದ್ದು, ನನಗೆ ಮನಸ್ಸಿಲ್ಲ' ಅಂದ ಇವ, ತುಳುವಿನಲ್ಲಿ. ನಾನು 'ಎಸ್ ಸರ್' ಅಂದೆ. ಜನ ಸಿಗದಿದ್ರೆ ಸಾಹೇಬ ನನಗೆ ಬೈತಿದ್ದ." ಖಾಲಿ ಕುರ್ಚಿಯತ್ತ ತಿರುಗಿದರು. "ಮೊದಲ ಬೇಸಿಗೆಯಲ್ಲೇ ಇಲ್ಲಿ ಸೆಕೆ ತಾಗಿ ಸತ್ತ. ನಾನು ದುಬೈಗೆ ಬಂದ ಮೇಲೆ ಬರ್ಲಿಕ್ಕೆ ಶುರು ಮಾಡಿದ. ಮನಸ್ಸುಂಟಾ ಅಂತ ಪುನಃ ಕೇಳ್ತೇನೆ. ಇಲ್ಲ ಅಂತಾನೆ."

ಆ ವರ್ಷವೇ ಅಜ್ಜ ತೀರಿಕೊಂಡರು.

ನಾನಾಗ ಅಬುಧಾಬಿಯ ಮನೆಗಳಿಗೆ ಊರಿನಿಂದ ಕೆಲಸದ ಹೆಂಗಸರನ್ನು ಆರಿಸುವ ಆಫೀಸಿನಲ್ಲಿದ್ದೆ. ಅಜ್ಜ ಹೋದ ಮರುವಾರ ತುಮಕೂರಿನ ಹುಡುಗಿಯೊಬ್ಬಳ ಫೋನ್ ಸಂದರ್ಶನ. ಏನು ಕೇಳಿದರೂ ಅಣ್ಣನೇ ಉತ್ತರಿಸುತ್ತಿದ್ದ: "ಬರ್ತಾಳೆ ಮೇಡಂ."

"ಅಣ್ಣನ್ನ ಹೊರಗೆ ಕಳ್ಸಮ್ಮ," ಎಂದೆ.

"ಹೋದ ಅಕ್ಕ. ಒಬ್ಳೇ ಇದೀನಿ."

"ನಿಂಗೆ ಮನಸ್ಸಿದೆಯಾ?"

"ಇಲ್ಲ ಅಕ್ಕ."

ಅವಳ ದನಿಯ ಬೆನ್ನಿಗೇ ಇನ್ನೊಂದು, ಗಂಡು ದನಿ, ತುಳುವಿನಲ್ಲಿ ಮೆಲ್ಲಗೆ "ಇಜ್ಜಿ" ಎಂದಿತು. ಇಲ್ಲ ಎಂದು. ರಿಸೀವರ್ ಕೆಳಗಿಟ್ಟೆ.

"ಏನಂತೆ?" ಬಾಸ್ ಕೇಳಿದರು.

"ಬರಲ್ವಂತೆ ಸರ್."

ಚೆನ್ನಾಗಿ ಬೈಸಿಕೊಂಡೆ. ಅವಳ ಬದಲಿಗೆ ಬೇರೆ ಯಾರನ್ನಾದರೂ ನಾನೇ ಹುಡುಕಬೇಕಾಯಿತು. ಅವರನ್ನೂ ಮೊದಲು ಅದನ್ನೇ ಕೇಳಿದೆ. ಆ ಹುಡುಗಿಯನ್ನು ನಾನು ನೋಡಿಯೇ ಇಲ್ಲ. ತುಮಕೂರಿನಲ್ಲಿ ಎಲ್ಲೋ ಇದ್ದಾಳೆ. ಅವಳು ಅಲ್ಲಿರುವುದಕ್ಕೆ ನಾನು ಅಜ್ಜನಿಗೆ ಋಣಿ.