ಲ್ಯಾಪ್‌ಟಾಪ್ ಖಾಲಿಯಾದ ಆದಿತ್ಯವಾರ

ಪರದೆಯಲ್ಲಿ ಮೇಡಮ್ಮನ ತುಟಿ ಇನ್ನೂ ಮುಚ್ಚಿಯೇ ಇರುತ್ತಿತ್ತು, ಸ್ವರ ಮಾತ್ರ ಬಂದು ಮುಗಿದಿರುತ್ತಿತ್ತು. ‘ಪ’ ಎಂದು ಕೇಳಿಸಿದ ಮೇಲೆ ತುಟಿ ತೆರೆಯುತ್ತಿತ್ತು. ಕೆಲವೊಮ್ಮೆ ತೆರೆದ ಬಾಯಿ ತೆರೆದ ಹಾಗೆಯೇ ನಿಂತುಬಿಡುತ್ತಿತ್ತು. ನಮಗಾದರೆ ಅದು ತಮಾಷೆ. ಆದರೆ ಮಾತು ಹೋದವರಿಗೆ, ಎದುರಿನವರ ಬಾಯಿ ನೋಡಿ ಒಂದೊಂದೇ ಅಕ್ಷರ ಪುನಃ ಕಲಿಯಬೇಕಾದವರಿಗೆ ಅದು ಎಂತಹ ಹಿಂಸೆ ಎಂದು ನಾನು ಇವರ ಪಕ್ಕದಲ್ಲೇ ಕುಳಿತು ನೋಡಿದ್ದೇನೆ.

ಇವರು ಎಂದರೆ ನಮ್ಮ ಯಜಮಾನರು. ಉಡುಪಿ–ಕಾರ್ಕಳ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸ್ನಾನಕ್ಕೆಂದು ಹೋದವರು ಬಚ್ಚಲಿನಲ್ಲೇ ಕುಸಿದರು. ಸ್ಟ್ರೋಕ್. ಮಣಿಪಾಲದಲ್ಲಿ ಜೀವ ಉಳಿಯಿತು. ಆಮೇಲೆ ನಿಧಾನಕ್ಕೆ ಕಾಲು ಬಂತು, ಬಲಗೈ ಅರ್ಧ ಬಂತು, ಗಂಜಿ ನುಂಗಲು ಬಂತು. ಒಂದೊಂದು ಬಂದಾಗಲೂ ನಾನು ದೇವರ ಮುಂದೆ ಒಂದು ಬತ್ತಿ ಹೆಚ್ಚು ಹಚ್ಚಿದ್ದೇನೆ. ಮಾತು ಮಾತ್ರ ಬರಲಿಲ್ಲ. ಹೇಳಬೇಕಾದ್ದು ಕಣ್ಣಿನಲ್ಲಿ ಇರುತ್ತದೆ, ಬಾಯಿಯವರೆಗೆ ಬಂದು ‘ಆ... ಆ...’ ಎಂದು ನಿಲ್ಲುತ್ತದೆ.

ಮೊದಮೊದಲು ಮಾತಿನ ಚಿಕಿತ್ಸೆಗೆ ಕಾಪುವಿನಿಂದ ಮಣಿಪಾಲಕ್ಕೆ ಬಸ್ಸಿನಲ್ಲೇ ಹೋಗುತ್ತಿದ್ದೆವು. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎಲ್ಲರೂ ಗುರುತಿನವರು. ಸುತ್ತ ಸೇರಿ ಹೇಗಿದ್ದೀರಿ ಎಂದು ಕೇಳುತ್ತಾರೆ, ಪ್ರೀತಿಯಿಂದಲೇ. ಇವರು ಉತ್ತರ ಕೊಡಲಾಗದೆ ತಲೆ ತಗ್ಗಿಸುತ್ತಾರೆ. ಕೊನೆಗೆ ಮನೆಯಿಂದ ಹೊರಡಲಿಕ್ಕೇ ಒಪ್ಪಲಿಲ್ಲ. ಮಾತು ಕಲಿಸುವ ಮೇಡಂ ಒಳ್ಳೆಯವರು. ಸೋಮವಾರ ಬೆಳಿಗ್ಗೆ ವೀಡಿಯೋ ಕಾಲಿನಲ್ಲೇ ಪಾಠ ಮಾಡೋಣ, ಆದರೆ ಮೊಬೈಲು ಸಾಲದು, ನನ್ನ ಬಾಯಿ ಅವರಿಗೆ ದೊಡ್ಡದಾಗಿ ಕಾಣಬೇಕು ಎಂದರು. ಹಾಗೆ, ಓದು ಮುಗಿಸಿ ಮಣಿಪಾಲ ಬಿಟ್ಟು ಹೊರಟಿದ್ದ ಹುಡುಗಿಯೊಬ್ಬಳ ಹಳೆಯ ಲ್ಯಾಪ್‌ಟಾಪ್ ನಮ್ಮ ಮನೆಗೆ ಬಂತು. ಮುಚ್ಚಳದ ಮೇಲೆ ಬೆಕ್ಕಿನ ಸ್ಟಿಕರ್ ಉಂಟು. ಬ್ಯಾಟರಿ ಸತ್ತಿದೆ ಆಂಟಿ, ವಯರು ಹಾಕಿಯೇ ಓಡಿಸಬೇಕು ಎಂದು ಅವಳು ಮೊದಲೇ ಹೇಳಿದ್ದಳು. ಮುಚ್ಚಿಟ್ಟು ಮಾರಲಿಲ್ಲವಲ್ಲ, ಅದೂ ಒಂದು ಉಪಕಾರವೇ.

ಆದರೆ ಆ ಲ್ಯಾಪ್‌ಟಾಪಿಗೆ ವೀಡಿಯೋ ಎಳೆಯುವ ಶಕ್ತಿ ಇರಲಿಲ್ಲ. ತುಟಿ ಒಂದು ಕಡೆ, ಸ್ವರ ಒಂದು ಕಡೆ. ಒಂದು ಸೋಮವಾರ ಇವರು ಹೇಗೋ ಸಹಿಸಿದರು. ಅದರ ಮುಂದಿನ ಸೋಮವಾರ ಮೇಡಂ ಮಾತಾಡುತ್ತಿರುವಾಗಲೇ ಎಡಗೈಯಲ್ಲಿ ಮುಚ್ಚಳ ಪಟ್ಟನೆ ಮುಚ್ಚಿ ಎದ್ದುಹೋದರು. ಇನ್ನು ಕೂರುವುದಿಲ್ಲ ಎಂದು ಕೈಸನ್ನೆ ಮಾಡಿದರು. ಮೇಡಂ ನನಗೆ ಫೋನ್ ಮಾಡಿದರು. ಸಿಟ್ಟು ಇರಲಿಲ್ಲ, ಅದಕ್ಕೇ ನನಗೆ ಹೆದರಿಕೆ ಹೆಚ್ಚಾಯಿತು. ಕಾಯುವವರು ತುಂಬ ಜನ ಇದ್ದಾರೆ ಅಮ್ಮ, ಬರುವ ಸೋಮವಾರವೂ ಅವರು ಕೂರದಿದ್ದರೆ ಈ ಸಮಯವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಈಗ ಬಿಟ್ಟರೆ ಆಮೇಲೆ ಮಾತು ತರಿಸುವುದು ಕಷ್ಟ ಎಂದರು.

ಕಾರ್ಕಳದಲ್ಲಿ ನನ್ನ ಅಣ್ಣನ ಮಗಳು ಇದ್ದಾಳೆ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಅವಳಿಗೆ ಹೇಳಿದೆ. ಮೆಷಿನ್ ಹಾಳಾಗಿಲ್ಲ ಅತ್ತೆ, ಒಳಗಿರುವ ಆಪರೇಟಿಂಗ್ ಸಿಸ್ಟಮ್ ಅದರ ಪ್ರಾಯಕ್ಕೆ ಭಾರ ಆಗಿದೆ, ಅದನ್ನು ಪೂರ್ತಿ ಅಳಿಸಿ ಹಗುರದ್ದೊಂದು ಹಾಕುವ, ದುಡ್ಡು ಕೊಡಲಿಕ್ಕಿಲ್ಲ ಎಂದಳು. ನನಗೆ ‘ಅಳಿಸಿ’ ಎಂಬ ಮಾತೊಂದೇ ಕಿವಿಯಲ್ಲಿ ಉಳಿಯಿತು.

“ಅಳಿಸಿದ ಮೇಲೆ ಹೊಸದು ಕೂರದಿದ್ದರೆ?”

“ಕೂರುತ್ತದೆ.”

“ಕೂರದಿದ್ದರೆ ಎಂತ ಮಾಡುವುದು ಮಾರಾಯ್ತಿ?”

“ಆಗ ನಿಮ್ಮ ಎಲ್ಲೂರಿನ ದೇವರಿಗೆ ಫೋನ್ ಮಾಡಿ ಅತ್ತೆ.”

ಅವಳು ನಗೆಯಾಡಿದ್ದು. ನಾನು ನಿಜವಾಗಿಯೂ ಎಲ್ಲೂರಿನ ವಿಶ್ವೇಶ್ವರನಿಗೆ ಎಳನೀರಿನ ಅಭಿಷೇಕ ಹೇಳಿಕೊಂಡೆ.

ಆದಿತ್ಯವಾರ ಊಟದ ಹೊತ್ತಿಗೆ ಬಂದಳು. ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ ತಿಂದು, ಕೈತೊಳೆದು, ಚಾವಡಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಪೆನ್‌ಡ್ರೈವ್ ಸಿಕ್ಕಿಸಿದಳು. ಇವರು ದೂರದ ಕುರ್ಚಿಯಲ್ಲಿ ಮುಖ ತಿರುಗಿಸಿ ಕುಳಿತಿದ್ದರು.

“ಬಸ್ಸು ಅದೇ ಮಾವ, ಡ್ರೈವರ್ ಮಾತ್ರ ಬದಲಿ,” ಎಂದಳು ಅವಳು.

ಇವರು ತಿರುಗಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಕುರ್ಚಿಯನ್ನೂ ಹತ್ತಿರ ಎಳೆದುಕೊಂಡರು. ಪರದೆಯ ಮೇಲೆ ಒಂದು ಗೆರೆ ಇರುವೆ ಹೋದ ಹಾಗೆ ಮುಂದೆ ಹೋಗುತ್ತಿತ್ತು. ಇದು ತುದಿ ಮುಟ್ಟುವವರೆಗೆ ಯಾರೂ ವಯರು ಮುಟ್ಟಬೇಡಿ, ಬ್ಯಾಟರಿ ಇಲ್ಲ ಎಂದು ಹೇಳಿ, ಸೆಕೆ ತಡೆಯಲಾಗದೆ ಅವಳು ಮೈಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದಳು. ನಾನು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟೆ.

ಆಗ ಗುಡುಗಿತು. ಮಳೆಗಾಲಕ್ಕೆ ಮುಂಚಿನ ಗುಡುಗು, ಮೋಡ ಏರಿದ್ದನ್ನೂ ನಾನು ನೋಡಿರಲಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಹೇಳಬೇಕಾಗಿಲ್ಲ: ಗುಡುಗಿದರೆ ಅಂಗಳದ ಬಟ್ಟೆ ಆಮೇಲೆ, ಮೊದಲು ಮನೆಯ ಪ್ಲಗ್ಗುಗಳು. ಪಕ್ಕದ ಮನೆಯಲ್ಲಿ ಸಿಡಿಲಿಗೆ ಟೀವಿ, ಫ್ಯಾನು ಎಲ್ಲ ಸುಟ್ಟದ್ದನ್ನು ಕಂಡವಳು ನಾನು. ಫ್ರಿಜ್ಜಿನದು ಎಳೆದೆ, ಟೀವಿಯದು ಎಳೆದೆ, ಇಂಟರ್ನೆಟ್ಟಿನ ಡಬ್ಬಿಯದು ಎಳೆದೆ. ಕೈ ಅಲ್ಲಿಗೆ ನಿಲ್ಲಲಿಲ್ಲ. ಹಿಂದಿನಿಂದ ‘ಆ... ಆ...’ ಎಂದು ಕೇಳಿದಾಗ ಮೇಜಿನ ವಯರೂ ನನ್ನ ಕೈಯಲ್ಲಿತ್ತು. ಪರದೆ ಕಪ್ಪಾಗಿತ್ತು. ಇವರು ಎದ್ದು ನಿಂತಿದ್ದರು.

ಅಣ್ಣನ ಮಗಳು ಒದ್ದೆ ತಲೆಯಲ್ಲೇ ಓಡಿ ಬಂದಳು. ಬೈಯಲಿಲ್ಲ.

“ಈಗ ಇದರೊಳಗೆ ಎಂತ ಉಂಟು?” ಎಂದು ಕೇಳಿದೆ.

“ಹಳೆಯದು ಹೋಗಿದೆ, ಹೊಸದು ಪೂರ್ತಿ ಬಂದಿಲ್ಲ. ಈಗ ಎಂತದೂ ಇಲ್ಲ ಅತ್ತೆ.”

ಮೊದಲಿನಿಂದ ಮಾಡಿದರಾಯಿತು, ಪೆನ್‌ಡ್ರೈವಿನಲ್ಲಿ ಎಲ್ಲ ಉಂಟು ಎಂದು ಅವಳು ಸಮಾಧಾನ ಹೇಳಿದಳು. ಆದರೆ ಸಿಡಿಲಿನ ನಡುವೆ ಪುನಃ ಪ್ಲಗ್ ಹಾಕಲು ನನಗೆ ಧೈರ್ಯ ಬರಲಿಲ್ಲ. ಇದ್ದದ್ದೊಂದು ಲ್ಯಾಪ್‌ಟಾಪ್ ಸುಟ್ಟೇ ಹೋದರೆ? ಅಷ್ಟರಲ್ಲಿ ಕರೆಂಟೂ ಹೋಯಿತು. ಅವಳಿಗೆ ಮರುದಿನ ಕಾಲೇಜು, ಕತ್ತಲಾಗುವ ಮೊದಲು ಕಾರ್ಕಳದ ಬಸ್ಸು ಹಿಡಿಯಬೇಕು. ಅವಳು ಹೊರಟರೆ ಈ ಖಾಲಿ ಡಬ್ಬಿಯನ್ನು ಎಬ್ಬಿಸುವವರು ಯಾರು? ಬೆಳಿಗ್ಗೆ ಮೇಡಂ ಕರೆ ಮಾಡಿದರೆ ನಾನು ಏನು ಹೇಳಲಿ? ದೇವರ ಮುಂದೆ ಕುಳಿತೆ. ಬಾಯಿ ನಾಮ ಹೇಳುತ್ತಿತ್ತು, ಕಿವಿ ಫ್ಯಾನಿನ ಕಡೆಗಿತ್ತು, ಯಾವಾಗ ತಿರುಗುತ್ತದೋ ಎಂದು. ಅಂಥ ಜಪಕ್ಕೆ ಫಲ ಕೊಡದಿದ್ದರೂ ದೇವರದ್ದು ತಪ್ಪಲ್ಲ.

ಆದರೂ ಕೊಟ್ಟ. ಮೋಡ ಘಟ್ಟದ ಕಡೆಗೆ ಸರಿಯಿತು, ಫ್ಯಾನು ತಿರುಗಿತು. ಅಣ್ಣನ ಮಗಳು ಮೊದಲಿನಿಂದ ಶುರುಮಾಡಿದಳು. ಈ ಸಲ ಇವರು ಕುರ್ಚಿಯನ್ನು ಸ್ವಿಚ್‌ಬೋರ್ಡಿನ ಪಕ್ಕಕ್ಕೇ ತಂದು, ಎಡಗೈ ಗೋಡೆಗೆ ಊರಿ ಕುಳಿತರು. ಮಾವ ನನ್ನನ್ನು ನಂಬುತ್ತಾರೆ, ನಿಮ್ಮನ್ನಲ್ಲ ಎಂದು ಅವಳು ನನಗೆ ಚುಚ್ಚಿದಳು. ನಾನು ನಗಲಿಲ್ಲ. ಗೆರೆ ಪುನಃ ಹೊರಟಿತು.

ಅರ್ಧ ದಾಟಿತ್ತೋ ಏನೋ, ದೂರದಲ್ಲಿ ಇನ್ನೊಮ್ಮೆ ಗುಡುಗಿತು. ದೇವರಾಣೆ, ನಾನು ಎದ್ದದ್ದು ನನಗೆ ಗೊತ್ತಿಲ್ಲ. ಕೈ ಮುಂದೆ ಚಾಚಿದ್ದಷ್ಟೇ ಕಂಡದ್ದು.

“ಹೋಲ್ಡಾನ್!”

ಬಸ್ಸು ನಿಲ್ಲಿಸಲು ಕಂಡಕ್ಟರು ಡ್ರೈವರಿಗೆ ಕೂಗುವ ಮಾತು. ಸಂಜೆಯ ನೂಕುನುಗ್ಗಲಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನವರೆಗೆ ಕೇಳಬೇಕಾದ ಸ್ವರದಲ್ಲಿ, ಒಂದಕ್ಷರವೂ ತಪ್ಪದೆ, ಇವರ ಬಾಯಿಯಿಂದ ಬಂತು. ನನ್ನ ಕೈ ಅಲ್ಲೇ ನಿಂತಿತು. ಇವರು ಬೇರೆ ಯಾರೋ ಹೇಳಿದ ಹಾಗೆ ಆಚೆ ಈಚೆ ನೋಡಿದರು. ಆಮೇಲೆ ಪುನಃ ಹೇಳಲು ನೋಡಿದರು. ಬರಲಿಲ್ಲ. ನಾನು ಇದ್ದಲ್ಲೇ ನೆಲದ ಮೇಲೆ ಕುಳಿತೆ. ಗುಡುಗು ಮತ್ತೆ ಬಂತೋ ಇಲ್ಲವೋ ನನಗೆ ನೆನಪಿಲ್ಲ.

ಗೆರೆ ತುದಿ ಮುಟ್ಟಿತು. ಅಣ್ಣನ ಮಗಳು ತನ್ನ ಮೊಬೈಲು ಹಿಡಿದು ಅಡುಗೆಮನೆಗೆ ಹೋಗಿ ಅಲ್ಲಿಂದ ಲ್ಯಾಪ್‌ಟಾಪಿಗೆ ವೀಡಿಯೋ ಕಾಲ್ ಮಾಡಿದಳು. ‘ಮಾವ, ಗಟ್ಟಿ ಇನ್ನೂ ಉಂಟಾ?’ ಎಂದು ಕೇಳಿದ್ದು, ಬಾಯಿ ಆಡಿದ್ದು ಎರಡೂ ಒಟ್ಟಿಗೇ. ಉಳಿದ ಗಟ್ಟಿ ಕಟ್ಟಿಸಿಕೊಂಡು ಅವಳು ಬಸ್ಸಿಗೆ ಓಡಿದಳು.

ಸೋಮವಾರ ಬೆಳಿಗ್ಗೆ ನಾನೇ ಲ್ಯಾಪ್‌ಟಾಪ್ ತೆರೆದೆ. ಪರದೆಯಲ್ಲಿ ಎಲ್ಲ ಹೊಸತು, ಒತ್ತಬೇಕಾದ ಜಾಗ ಒಂದನ್ನು ಅವಳು ತೋರಿಸಿ ಹೋಗಿದ್ದಳು. ಒತ್ತಿದೆ. ಮೇಡಂ ಬಂದರು, ಸ್ವರ ತುಟಿಯ ಜೊತೆಗೇ ಬಂತು. ನಾನು ತಡೆಯಲಾಗದೆ ಹಿಂದಿನ ದಿನದ ಮಾತನ್ನು ಹೇಳಿಬಿಟ್ಟೆ. ಅವರಿಗೆ ತುಂಬ ಸಂತೋಷ. ಒಮ್ಮೆ ಹೇಳಿ ನೋಡುವ ಎಂದರು. ಇವರು ಬೆವರುವಷ್ಟು ಪ್ರಯತ್ನಪಟ್ಟರು. ‘ಆ... ಆ...’

ಮೇಡಂ ಬಿಡಿಸಿ ಹೇಳಿದರು. ವರ್ಷಗಟ್ಟಲೆ ಕೂಗಿ ರೂಢಿಯಾದ ಮಾತು ಕೆಲವೊಮ್ಮೆ ತಾನಾಗಿ ಹಾರಿ ಬರುತ್ತದಂತೆ. ಬೇಕೆಂದಾಗ ಕರೆದರೆ ಬರುವ ಮಾತಿನ ದಾರಿ ಬೇರೆಯಂತೆ. ಆ ದಾರಿ ನಿಧಾನಕ್ಕೇ ಆಗಬೇಕು, ಅಮ್ಮ ಎಂದರು. ರಾತ್ರಿಯಿಡೀ ನಾನು ಏನೇನೋ ಆಸೆ ಕಟ್ಟಿಕೊಂಡಿದ್ದೆ. ನುಂಗಿಕೊಂಡೆ. ನನ್ನ ಕಣ್ಣು ಇವರ ಎಡಗೈಯ ಮೇಲಿತ್ತು. ಈಗ ಮುಚ್ಚಳ ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಾದೆ.

ಬೀಳಲಿಲ್ಲ. ಮೇಡಂ ಪುನಃ ‘ಪ’ ಎಂದರು. ಇವರು ಮುಂದಕ್ಕೆ ಬಾಗಿ, ಅವರ ತುಟಿಯನ್ನೇ ನೋಡಿ, ತಮ್ಮ ತುಟಿ ಒತ್ತಿ ಬಿಟ್ಟರು. ಬರೀ ಗಾಳಿ ಬಂತು. ಇನ್ನೊಮ್ಮೆ ಮಾಡಿದರು. ಪಾಠ ಮುಗಿದಾಗ ಮೇಡಂ, ಬರುವ ಸೋಮವಾರ ಇದೇ ಹೊತ್ತಿಗಾ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು ತಲೆಯಾಡಿಸಿದರು.

ನಾನು ಅಕ್ಕಿ ತೊಳೆಯಲು ಒಳಗೆ ಹೋದೆ. ಚಾವಡಿಯಿಂದ ಗಾಳಿ ಊದಿದ ಹಾಗೆ ಸಣ್ಣ ಸದ್ದು ಬರುತ್ತಲೇ ಇತ್ತು. ಹೋಗಿ ನೋಡಲಿಲ್ಲ. ನೋಡಿದರೆ ನಿಲ್ಲಿಸುತ್ತಾರೋ ಎಂದು ಹೆದರಿಕೆ.